ದೊಡ್ಡಕ್ಕ ಹೇಳದೆ ಬಿಟ್ಟ ಹದಿನಾಲ್ಕನೇ ಕೆಲಸ

ಗುರುವಾರ ಬಂತೆಂದರೆ ಆ ಆಫೀಸಿನಲ್ಲಿ ದೊಡ್ಡಕ್ಕನ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಸಿಟ್ಟಿಗಲ್ಲ, ಭಯಕ್ಕೆ. ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಫೋನನ್ನು ಮಗುಚಿಟ್ಟು ಬೆಳಗ್ಗೆ ಒಂಬತ್ತಕ್ಕೆ ಕೂತರೆ ಆಕೆ ಏಳುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಚಹಾ ತಂದವರು ಕಪ್ಪನ್ನು ಸದ್ದಾಗದ ಹಾಗೆ ಇಟ್ಟು, ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. ನಡುವೆ ಯಾರಾದರೂ "ಅಕ್ಕ, ಒಂದೇ ನಿಮಿಷ" ಅಂದರೋ, ಮುಗಿಯಿತು. ಎಣಿಕೆ ತಪ್ಪಿತು, ಮತ್ತೆ ಮೊದಲಿನಿಂದ ಶುರು.

ಅಂಥದ್ದೇನು ಕೆಲಸ ಅಂತೀರಾ? ಚಪ್ಪಲಿ ಅಂಗಡಿಯ ಮೇಲಿದ್ದ ಮೂರು ಕೋಣೆಯ ಆ ಪುಟ್ಟ ಕಂಪನಿ, ಕಿವಿ ಪರೀಕ್ಷೆ ಮಾಡುವ ಯಂತ್ರಕ್ಕೆ ಸಾಫ್ಟ್‌ವೇರ್ ಬರೆಯುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಕೂತವರಿಗೆ ಒಂದೊಂದೇ ದನಿ ಕೇಳಿಸಿ, ಕಿವಿ ಎಷ್ಟು ಕೇಳುತ್ತದೆ ಅನ್ನುವುದನ್ನು ಪರದೆಯ ಮೇಲೆ ಗೆರೆ ಎಳೆದು ತೋರಿಸುವ ಯಂತ್ರ. ಸಾಫ್ಟ್‌ವೇರ್ ಬರೆದುಬಿಟ್ಟರೆ ಆಗಲಿಲ್ಲ. ಐದು ಜನ ಬರೆದ ತುಂಡುಗಳನ್ನೆಲ್ಲ ಒಟ್ಟು ಮಾಡಬೇಕು, ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಿರುಗಿಸಬೇಕು, ಸರಿಯಿದೆಯಾ ನೋಡಬೇಕು, ಕಟ್ಟು ಕಟ್ಟಿ ಆಸ್ಪತ್ರೆಗಳಿಗೆ ಕಳಿಸಬೇಕು. ಇಷ್ಟಕ್ಕೆಲ್ಲ ಸೇರಿ ಬಿಲ್ಡ್ ಅಂತ ಹೆಸರು. ಒಟ್ಟು ಹತ್ತೊಂಬತ್ತು ಕೆಲಸ, ಒಂದರ ಬೆನ್ನಿಗೆ ಇನ್ನೊಂದು, ಕ್ರಮ ತಪ್ಪುವ ಹಾಗಿಲ್ಲ. ಆ ಹತ್ತೊಂಬತ್ತೂ ಇದ್ದದ್ದು ಒಂದೇ ಕಡೆ, ದೊಡ್ಡಕ್ಕನ ತಲೆಯಲ್ಲಿ.

ಬೇರೆಯವರು ಕೈ ಹಾಕಿ ನೋಡಲಿಲ್ಲ ಅಂತಲ್ಲ. ಒಮ್ಮೆ ಆಕೆ ಜ್ವರ ಬಂದು ಮಲಗಿದ್ದಾಗ ಯಜಮಾನರೇ ತೋಳು ಮಡಚಿ ಕೂತರು. ಯಂತ್ರ ಎಡಗಿವಿಯದನ್ನು ಬಲಗಿವಿಗೆ ತೋರಿಸಿತು. ಅವತ್ತಿನಿಂದ "ಅದಕ್ಕೆ ದೊಡ್ಡಕ್ಕನ ಕೈಗುಣಾನೇ ಬೇಕು" ಅನ್ನುವ ಮಾತು ಹುಟ್ಟಿಕೊಂಡಿತು. "ಕೈಗುಣವಂತೆ, ಕೈಗುಣ" ಎಂದು ಆಕೆ ಮೂಗು ಮುರಿಯುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಿದ್ದಳು. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತವಳಿಗೆ ಅಷ್ಟೂ ಬೇಡವೇ?

ಅಂಥ ಆಫೀಸಿಗೆ ತನ್ನ ಓರಗಿತ್ತಿಯನ್ನು ಕರೆತಂದವಳೂ ದೊಡ್ಡಕ್ಕನೇ. ಗಂಡನ ತಮ್ಮನ ಹೆಂಡತಿ, ಒಂಬತ್ತು ವರ್ಷ ಚಿಕ್ಕವಳು. ಮಗಳು ಹುಟ್ಟಿದಾಗ ದೊಡ್ಡ ಕಂಪನಿಯ ಕೆಲಸ ಬಿಟ್ಟು, ಮಗಳು ಹೈಸ್ಕೂಲು ಸೇರಿದ ಮೇಲೆ ಮತ್ತೆ ಕೆಲಸ ಹುಡುಕುತ್ತಿದ್ದಳು. ಹತ್ತು ಕಡೆ ಕೇಳಿದ್ದಳು, ಹತ್ತೂ ಕಡೆ "ನಡುವೆ ಇಷ್ಟು ವರ್ಷ ಏನು ಮಾಡ್ತಿದ್ರಿ" ಅನ್ನುವ ಪ್ರಶ್ನೆ. "ಮನುಷ್ಯರನ್ನ ಬೆಳೆಸ್ತಿದ್ದೆ ಸಾರ್, ಅದಕ್ಕೆ ಸರ್ಟಿಫಿಕೇಟ್ ಕೊಡೋದಿಲ್ಲ" ಅಂತ ಒಂದು ಕಡೆ ಹೇಳಿ ಎದ್ದು ಬಂದಿದ್ದಳಂತೆ. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ದೊಡ್ಡಕ್ಕ ಯಜಮಾನರ ಮುಂದೆ ನಿಂತು "ನಮ್ಮ ಹುಡುಗಿ, ಬುದ್ಧಿವಂತೆ. ನಾನು ಜವಾಬ್ದಾರಿ" ಅಂದಳು. ನೋಡಿ, ಆಡುವಾಗ ಆ ಮಾತಿನಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ.

ಬಂದ ಎರಡನೇ ತಿಂಗಳಿಗೆ ಓರಗಿತ್ತಿ ಗುರುವಾರದ ಬಾಗಿಲು ತಟ್ಟಿದಳು. ಇಡೀ ಆಫೀಸು ಉಸಿರು ಬಿಗಿಹಿಡಿಯಿತು.

"ಅಕ್ಕ, ಇದನ್ನೆಲ್ಲ ನೀವು ಪ್ರತಿ ವಾರ ಕೈಯಲ್ಲೇ ಮಾಡ್ತೀರಾ?"

"ಕೈಯಲ್ಲದೆ ಕಾಲಲ್ಲಿ ಮಾಡ್ಲಾ?"

"ಕಾಲಲ್ಲೂ ಬೇಡ, ಕೈಯಲ್ಲೂ ಬೇಡ. ಇದಕ್ಕೇ ಅಂತ ಬಿಲ್ಡ್ ಟೂಲ್ ಇದೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಯಾವುದಕ್ಕೆ ಕಾಯ್ಬೇಕು ಅಂತ ಒಂದು ಫೈಲಲ್ಲಿ ಬರೆದಿಟ್ರೆ ಸಾಕು. ಆಮೇಲೆ ಒಂದೇ ಆಜ್ಞೆ. ಅದರಷ್ಟಕ್ಕೆ ಅದು ಮಾಡ್ಕೊಂಡು ಹೋಗುತ್ತೆ, ನೀವು ಚಹಾ ಕುಡೀತಾ ನೋಡ್ತಿರಿ. ಬಿಸಿ ಇರುವಾಗಲೇ."

ದೊಡ್ಡಕ್ಕನಿಗೆ ಮೊದಮೊದಲು ಅದು ಇಷ್ಟವೇ ಆಯಿತು ಅನ್ನಬೇಕು. ಓರಗಿತ್ತಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಟೂಲನ್ನು ಕೂರಿಸಿ, ಎರಡೇ ಸಾಲಿನ ಒಂದು ಕೆಲಸ ಬರೆಸಿದಳು. ಓಡಿಸಿದರೆ ಪರದೆಯ ಮೇಲೆ 'ನಮಸ್ಕಾರ' ಅಂತ ಬಂತು. ಇಷ್ಟೇನಾ ಅಂದಳು ದೊಡ್ಡಕ್ಕ. ಇಷ್ಟೇ, ಇಂಥವನ್ನ ಒಂದಕ್ಕೊಂದು ಪೋಣಿಸ್ತಾ ಹೋಗೋದು ಅಂದಳು ಓರಗಿತ್ತಿ. ಎರಡನೇ ಕೆಲಸ ಬರೆದು, ಇದು ಮುಗಿದ ಮೇಲೇ ಅದು ಅಂತ ಕಟ್ಟು ಹಾಕಿದರು. ಬೇಕೆಂದೇ ಒಂದು ತಪ್ಪು ಮಾಡಿದರೆ ಟೂಲು ಅಲ್ಲೇ ನಿಂತು, ಕೆಂಪಕ್ಷರದಲ್ಲಿ ಎಲ್ಲಿ ಎಡವಿದೆ ಅಂತ ಹೇಳಿತು. ಸರಿ ಮಾಡಿದರೆ ಹಸಿರು. "ನನ್ನ ಗಂಡನಿಗಿಂತ ವಾಸಿ, ತಪ್ಪೆಲ್ಲಿ ಅಂತ ಹೇಳುತ್ತೆ" ಎಂದು ಓರಗಿತ್ತಿ ನಕ್ಕಳು. ದೊಡ್ಡಕ್ಕನೂ ನಕ್ಕಳು.

ಆಮೇಲೆ ಹತ್ತು ದಿನ ಇಬ್ಬರೂ ಮಧ್ಯಾಹ್ನ ಊಟವಾದ ಮೇಲೆ ಕೂರುವುದು. ದೊಡ್ಡಕ್ಕ ಹೇಳುವುದು, ಓರಗಿತ್ತಿ ಹಳದಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಆಮೇಲೆ ಟೂಲಿನ ಫೈಲಿಗೆ ಹಾಕುವುದು. ಹದಿಮೂರು ಕೆಲಸ ಹಾಗೇ ಸಾಗಿದವು.

ಹದಿನಾಲ್ಕನೇದು ಹೇಳಬೇಕಾದ ದಿನ, ಕೈ ತೊಳೆಯಲು ಹೋಗಿದ್ದ ದೊಡ್ಡಕ್ಕನಿಗೆ ಯಜಮಾನರು ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು. "ಇದೊಂದು ಆಗಿಬಿಟ್ರೆ ಗುರುವಾರದ ಗೋಳು ತಪ್ಪುತ್ತೆ ನೋಡಿ. ಆಮೇಲೆ ಯಾರನ್ನೂ ಕಾಯೋ ಹಾಗಿಲ್ಲ."

ಗೋಳು. ಇಪ್ಪತ್ತೆರಡು ವರ್ಷದ ಗುರುವಾರಗಳಿಗೆ ಆ ಮನುಷ್ಯ ಇಟ್ಟ ಹೆಸರು. ಆತ ಕೆಟ್ಟವನಲ್ಲ, ಬಾಯಿಗೆ ಬಂದದ್ದು ಆಡಿದ ಅಷ್ಟೇ. ಆದರೆ ದೊಡ್ಡಕ್ಕ ಒದ್ದೆ ಕೈ ಒರೆಸಿಕೊಳ್ಳದೆ ಬಂದು ಕೂತಳು.

"ಹದಿಮೂರು ಆಯ್ತು. ಆಮೇಲೆ?" ಅಂದಳು ಓರಗಿತ್ತಿ, ಪೆನ್ನು ಎತ್ತಿ.

ಆಮೇಲಿನದು ಹೆಡ್‌ಫೋನಿನ ಪಟ್ಟಿ. ಎರಡು ವರ್ಷದ ಹಿಂದೆ ಆಸ್ಪತ್ರೆಗಳಿಗೆಲ್ಲ ಹೊಸ ಹೆಡ್‌ಫೋನ್ ಹೋಗಿತ್ತು. ಹಳೆಯದಕ್ಕಿಂತ ಅದರ ದನಿ ಜೋರು. ಎಷ್ಟು ಜೋರು, ಎಷ್ಟು ತಗ್ಗಿಸಬೇಕು ಅನ್ನುವ ಅಂಕಿಗಳ ಪಟ್ಟಿಯನ್ನು ದೊಡ್ಡಕ್ಕನೇ ಕೂತು ತಯಾರು ಮಾಡಿದ್ದಳು. ಅದು ಇದ್ದದ್ದು ಆಕೆಯ ಕಂಪ್ಯೂಟರಿನಲ್ಲಿ ಮಾತ್ರ. ಪ್ರತಿ ಗುರುವಾರ, ಕಟ್ಟು ಕಟ್ಟುವ ಮೊದಲು, ಹಳೆ ಪಟ್ಟಿ ತೆಗೆದು ಹೊಸದನ್ನು ಇಡುವುದು. ಅರ್ಧ ನಿಮಿಷದ ಕೆಲಸ.

"ಆಮೇಲೆ ಕಟ್ಟು ಕಟ್ಟೋದು" ಅಂದಳು ದೊಡ್ಡಕ್ಕ. ಅದು ಹದಿನೈದನೇದು. ಓರಗಿತ್ತಿ ಅದಕ್ಕೇ ಹದಿನಾಲ್ಕು ಅಂತ ಸಂಖ್ಯೆ ಹಾಕಿ ಬರೆದುಕೊಂಡಳು.

ಕೆಡುಕು ಮಾಡಬೇಕೆಂದೇ ಹೇಳದೆ ಬಿಟ್ಟಳೇ? ಇಲ್ಲ. ಆಕೆಯ ಲೆಕ್ಕಾಚಾರ ಬಹಳ ಸಣ್ಣದು. ಮೊದಲ ಸಲ ಓಡಿಸುವಾಗ ಪರೀಕ್ಷೆಯಲ್ಲಿ ಫಲಿತಾಂಶ ಹೊಂದುವುದಿಲ್ಲ, ಟೂಲು ಕೆಂಪಾಗುತ್ತದೆ, ಎಲ್ಲರೂ ತಲೆ ಕೆರೆದುಕೊಂಡು ಕಡೆಗೆ ತನ್ನ ಬಾಗಿಲಿಗೆ ಬರುತ್ತಾರೆ. ಆಗ ತಾನು ಎದ್ದು ಹೋಗಿ ಅರ್ಧ ನಿಮಿಷದಲ್ಲಿ ಸರಿ ಮಾಡುತ್ತೇನೆ. ಅಷ್ಟು ಸಾಕಿತ್ತು ಆಕೆಗೆ. ಒಂದು ಸಲ, ಎಲ್ಲರೆದುರಿಗೆ.

ಟೂಲನ್ನು ಮೊದಲ ಸಲ ಓಡಿಸುವ ಗುರುವಾರ ಐದೂ ಜನ ಓರಗಿತ್ತಿಯ ಮೇಜಿನ ಸುತ್ತ ನಿಂತರು. ಆಕೆ ಆಜ್ಞೆ ಬರೆದು ಗುಂಡಿ ಒತ್ತಿದಳು. ಸಾಲು ಸಾಲಾಗಿ ಹಸಿರು. ಪಕ್ಕದ ಕೋಣೆಯ ಯಂತ್ರದ ಮೇಲೆ ಪರೀಕ್ಷೆ ನಡೆಯಿತು, ಅದೂ ಹಸಿರು. ಒಂಬತ್ತು ನಿಮಿಷ. ಏಳು ತಾಸಿನ ಕೆಲಸ ಒಂಬತ್ತು ನಿಮಿಷದಲ್ಲಿ ಮುಗಿದಿತ್ತು.

ಕೆಂಪು ಯಾಕೆ ಬರಲಿಲ್ಲ? ದೊಡ್ಡಕ್ಕನಿಗೆ ಹೊಳೆಯಲು ಕ್ಷಣ ಹಿಡಿಯಿತು. ಪಕ್ಕದ ಕೋಣೆಯ ಯಂತ್ರಕ್ಕಿದ್ದದ್ದು ಹಳೇ ಹೆಡ್‌ಫೋನ್. ಹಳೆ ಪಟ್ಟಿಗೆ ಹಳೆ ಹೆಡ್‌ಫೋನ್ ಸರಿಯಾಗಿ ಹೊಂದಿತ್ತು. ತಾನು ಮಾಡುವಾಗಲೆಲ್ಲ ತನ್ನ ಡ್ರಾಯರಿನಿಂದ ಹೊಸ ಜೋಡಿ ತೆಗೆದು ಕಿವಿಗೆ ಹಾಕಿ ನೋಡುತ್ತಿದ್ದಳು. ಅದನ್ನೂ ಯಾರಿಗೂ ಹೇಳಿರಲಿಲ್ಲ. ಟೂಲಿಗೆ ಏನು ಹೇಳಿದರೋ ಅದನ್ನು ಚಾಚೂ ತಪ್ಪದೆ ಮಾಡಿತ್ತು. ಹೇಳದೆ ಬಿಟ್ಟದ್ದರ ಬಗ್ಗೆ ಅದಕ್ಕೇನು ಗೊತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು. "ಇನ್ಮೇಲೆ ಗುರುವಾರ ದೊಡ್ಡಕ್ಕ ಏನು ಮಾಡ್ತಾರಪ್ಪಾ" ಅಂದರು ಯಜಮಾನರು, ನಗುತ್ತ. ಓರಗಿತ್ತಿ ಮಾತ್ರ ತಿರುಗಿ, "ಅಕ್ಕನ ತಲೆಯಲ್ಲಿದ್ದದ್ದೇ ಇದು. ನಾನು ಬರೀ ಬರ್ಕೊಂಡವಳು" ಅಂದಳು.

ಆಗ ಹೇಳಬಹುದಿತ್ತಲ್ಲ? 'ತಡೀರಿ, ಒಂದು ಬಿಟ್ಟುಹೋಗಿದೆ' ಅನ್ನುವುದಕ್ಕೆ ಬಾಯಿ ಏನು ಹೊಲಿದಿತ್ತೇ? ಚಪ್ಪಾಳೆಯ ನಡುವೆ ಯಾಕೆ, ನಾಳೆ ಬೆಳಗ್ಗೆ ಮೆಲ್ಲಗೆ ಹೇಳಿದರಾಯಿತು ಅಂದುಕೊಂಡಳು. ಆಕೆಯ ಕಾಲದಲ್ಲಿ ಗುರುವಾರ ಕಟ್ಟಿದ್ದನ್ನು ಶುಕ್ರವಾರ ಕಳಿಸುವುದು ರೂಢಿ. ಟೂಲಿಗೆ ಆ ರೂಢಿ ಇಲ್ಲ. ಅವಳು ಮೆಟ್ಟಿಲಿಳಿದು ಬಸ್ಸು ಹತ್ತುವ ಹೊತ್ತಿಗೆ ನಲವತ್ತು ಆಸ್ಪತ್ರೆಗಳ ಯಂತ್ರಕ್ಕೆ ಅದು ಹೋಗಿ ಕೂತಿತ್ತು.

ಶುಕ್ರವಾರ ಹೇಳಬಹುದಿತ್ತು. ಹೇಳಿದರೆ, ನಿನ್ನೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರೆ. ಸೋಮವಾರ ಹೇಳಿದರೆ, ಶುಕ್ರವಾರ ಯಾಕೆ ಹೇಳಲಿಲ್ಲ. ಹೀಗೆ ದಿನಕ್ಕೊಂದು ಕಲ್ಲು ಏರುತ್ತ ಹೋಯಿತು. ಮುಂದಿನ ಗುರುವಾರ ಮತ್ತೆ ಒಂಬತ್ತು ನಿಮಿಷ, ಮತ್ತೆ ಹಸಿರು. ಬಹುಶಃ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ ಅಂತ ತನ್ನನ್ನೇ ನಂಬಿಸಿಕೊಂಡಳು. ಆ ಪಟ್ಟಿಯ ಒಂದೊಂದು ಅಂಕಿಯನ್ನೂ ತಾನೇ ಅಳೆದು ಬರೆದವಳು, ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿತ್ತು ವ್ಯತ್ಯಾಸ ಎಷ್ಟೆಂದು?

ಹದಿನಾರನೇ ದಿನ ಕಿವಿಯ ಡಾಕ್ಟರಮ್ಮ ಒಬ್ಬರು ಫೋನ್ ಮಾಡಿದರು. ಅವರಲ್ಲಿಗೆ ಬಂದ ನಾಲ್ಕು ವರ್ಷದ ಹುಡುಗಿಯ ಕಿವಿ ಚೆನ್ನಾಗಿದೆ ಅಂತ ಯಂತ್ರ ತೋರಿಸಿತ್ತಂತೆ. ಕಿವಿಯಲ್ಲಿ ತೊಂದರೆ ಇಲ್ಲ ಅಂದ ಮೇಲೆ ಕರೆದರೆ ತಿರುಗದಿರುವುದು ಹಟವೇ ಸರಿ ಅಂದುಕೊಂಡು, ತಾಯಿ ಎರಡು ವಾರದಿಂದ ಮಗುವಿಗೆ ಬಾರಿಸುತ್ತಿದ್ದಳಂತೆ. ಅನುಮಾನ ಬಂದು ಡಾಕ್ಟರಮ್ಮ ಬೇರೆ ಯಂತ್ರದಲ್ಲಿ ನೋಡಿದರೆ ಮಗುವಿಗೆ ಅರ್ಧ ಕೇಳಿಸುವುದೇ ಇಲ್ಲ.

ಯಜಮಾನರ ಮುಖ ಬಿಳುಚಿತು. ಬಂದವರನ್ನೆಲ್ಲ ಮತ್ತೆ ಕರೆಸಿ ಪರೀಕ್ಷೆ ಮಾಡುವಂತೆ ನಲವತ್ತೂ ಕಡೆಗೆ ಸುದ್ದಿ ಹೋಯಿತು. ಆಮೇಲೆ ಐದೂ ಜನರನ್ನು ಮೇಜಿನ ಸುತ್ತ ಕೂರಿಸಿ, ಇದು ಹೇಗಾಯಿತು ಅಂತ ಕೇಳಿದರು. ದೊಡ್ಡಕ್ಕ ತನ್ನ ಕೋಣೆಗೆ ಹೋಗಿ ನೋಡಿದವಳಂತೆ ಮಾಡಿ ಬಂದು, "ಹೆಡ್‌ಫೋನಿನ ಪಟ್ಟಿ ಬದಲಾಗಿಲ್ಲ" ಅಂದಳು. ಅಷ್ಟನ್ನು ಹೇಳಿದಳು. ನಿಜವನ್ನೇ ಹೇಳಿದಳು.

ಓರಗಿತ್ತಿ ನೋಟ್‌ಬುಕ್ ತೆರೆದು ಬೆರಳಿಟ್ಟು ಎಣಿಸಿದಳು. ಹದಿನೆಂಟು.

"ಇದರಲ್ಲಿ ಇಲ್ಲ. ಅಕ್ಕ ಹೇಳಿರ್ತಾರೆ, ನಾನೇ ಬರ್ಕೊಳ್ಳೋದು ಬಿಟ್ಟಿರ್ಬೇಕು" ಅಂದಳು. ಅನುಮಾನದಿಂದಲ್ಲ, ವ್ಯಂಗ್ಯಕ್ಕಲ್ಲ. ಅಕ್ಕ ಹೇಳದೆ ಬಿಡುತ್ತಾಳೆ ಅನ್ನುವುದು ಅವಳ ಮನಸ್ಸಿಗೆ ಬರಲೇ ಇಲ್ಲ. "ಅಲ್ವಾ ಅಕ್ಕ? ನೀವು ಹೇಳಿದ್ರಿ ಅಲ್ವಾ?"

ಎಲ್ಲರೂ ದೊಡ್ಡಕ್ಕನ ಕಡೆ ನೋಡಿದರು.

"ಹೇಳಿದ ನೆನಪು" ಅಂದಳು ದೊಡ್ಡಕ್ಕ.

ಯಾರೂ ಓರಗಿತ್ತಿಯನ್ನು ಹೊರಗೆ ಹಾಕಲಿಲ್ಲ. ಯಜಮಾನರು ಗದರಲೂ ಇಲ್ಲ. ಅವಳೇ ವಾರ ಕಳೆದು ಕಾಗದ ಬರೆದುಕೊಟ್ಟು ಹೊರಟಳು. "ಆ ಮಗು ಕಣ್ಮುಂದೆ ಬರುತ್ತೆ ಅಕ್ಕ, ನನ್ನ ಕೈಯಲ್ಲಿ ಆಗಲ್ಲ" ಅಂದಳು. ದೊಡ್ಡಕ್ಕ ಬಸ್‌ಸ್ಟಾಪಿನ ತನಕ ಅವಳ ಚೀಲ ಹಿಡಿದುಕೊಂಡು ಹೋದಳು.

ಮಾರನೇ ದಿನ ಹದಿನಾಲ್ಕನೇ ಕೆಲಸವನ್ನು ಟೂಲಿನ ಫೈಲಿಗೆ ತಾನೇ ಸೇರಿಸಿದಳು. ಒಂದೇ ಸಾಲು. ಆಮೇಲೆ ಬಿಲ್ಡ್ ವಾರಕ್ಕೊಮ್ಮೆಯಲ್ಲ, ದಿನಾ ನಡೆಯತೊಡಗಿತು. ಇನ್ನೂ ಹೊಟ್ಟೆ ಉರಿಯುವ ವಿಷಯ ಕೇಳಿ. ಆಕೆಯನ್ನು ಬೇಡ ಅಂದವರು ಯಾರೂ ಇಲ್ಲ. ಗುರುವಾರಗಳು ಖಾಲಿಯಾದ ಮೇಲೆ ಯಜಮಾನರು, ಹೊಸ ಯಂತ್ರದ ಕೆಲಸ ನೀವೇ ನೋಡಿಕೊಳ್ಳಿ ಅಂತ ಕೊಟ್ಟರು. ಆಕೆಗೆ ಅದು ಹಿಂದಿನದಕ್ಕಿಂತ ಇಷ್ಟವಾಯಿತು. ಏನನ್ನು ಕಳೆದುಕೊಳ್ಳುತ್ತೇನೆಂದು ಅಂಜಿ ಅಷ್ಟು ಮಾಡಿದ್ದಳೋ, ಅದು ಅವಳಿಗೆ ಬೇಕಾಗಿಯೇ ಇರಲಿಲ್ಲ.

ಮೂರು ವರ್ಷ ಹೀಗೇ ಹೋಯಿತು. ಮನೆಯ ಕೂಟಗಳಲ್ಲಿ ಓರಗಿತ್ತಿ ಸಿಗುತ್ತಿದ್ದಳು. ಮೊದಲಿನ ಹಾಗೆ ಮಾತಿಗೊಂದು ಚಟಾಕಿ ಹಾರಿಸುತ್ತಿರಲಿಲ್ಲ. ಕೆಲಸ ಹೋದ ಬೇಸರ, ಸರಿಹೋಗುತ್ತದೆ ಅಂತ ದೊಡ್ಡಕ್ಕ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅವಳ ಕಣ್ಣು ನೋಡಿ ಮಾತಾಡುತ್ತಿರಲಿಲ್ಲ.

ಒಂದು ದಿನ ಯಜಮಾನರೇ ಕರೆದು, "ಜನ ಬೇಕಾಗಿದ್ದಾರೆ. ನಿಮ್ಮ ಓರಗಿತ್ತಿ ಮತ್ತೆ ಬರ್ತಾರಾ ಕೇಳಿ. ಅವರು ಕಟ್ಟಿಕೊಟ್ಟದ್ದರ ಮೇಲೇ ಇವತ್ತಿಗೂ ನಿಂತಿದ್ದೀವಿ" ಅಂದರು. ದೊಡ್ಡಕ್ಕನಿಗೆ ಎದೆಯ ಮೇಲಿನ ಭಾರ ಅರ್ಧ ಇಳಿದ ಹಾಗಾಯಿತು. ನಿಜ ಹೇಳದೆಯೂ ಸರಿಮಾಡಲು ದಾರಿ ಸಿಕ್ಕಿತು ಅಂತ. ರಜಾದಿನ ಬೆಳಗ್ಗೆಯೇ ಅವರ ಮನೆಗೆ ಹೋದಳು.

ಅಡುಗೆಮನೆಯಲ್ಲಿ ನಿಂತೇ ವಿಷಯ ಹೇಳಿದಳು. ಓರಗಿತ್ತಿ ಪಾತ್ರೆ ಒರೆಸುತ್ತಿದ್ದವಳು ನಿಲ್ಲಿಸಿದಳು.

"ನಾನಾ? ಬೇಡ ಅಕ್ಕ. ಇನ್ನೊಂದು ಮಗುವಿಗೆ ಏನಾದ್ರೂ ಮಾಡಿಬಿಟ್ರೆ?"

"ಏನೂ ಆಗಲ್ಲ. ಅದು ಹಳೇ ಕಥೆ."

"ನಿಮಗೆ ಗೊತ್ತಿಲ್ಲ. ನನ್ನ ತಲೆಯಲ್ಲಿ ವಿಷಯ ನಿಲ್ಲಲ್ಲ ಅಕ್ಕ. ನೀವು ಬಾಯಿಬಿಟ್ಟು ಹೇಳಿದ್ದು, ನಾನು ಪೆನ್ನು ಹಿಡ್ಕೊಂಡು ಎದುರಿಗೇ ಕೂತಿದ್ದೆ. ಅಂಥದ್ದೇ ಕಿವಿಗೆ ಬಿದ್ದಿಲ್ಲ ಅಂದ್ರೆ?" ಅವಳು ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ಆ ಮಧ್ಯಾಹ್ನವನ್ನ ಎಷ್ಟು ಸಲ ನೆನಪು ಮಾಡ್ಕೊಂಡಿದ್ದೀನಿ ಅಂತೀರಾ. ನೀವು ಕೈ ಒದ್ದೆ ಮಾಡ್ಕೊಂಡು ಬಂದು ಕೂತದ್ದು ನೆನಪಿದೆ. ಹೆಡ್‌ಫೋನು ಅಂದದ್ದು ಮಾತ್ರ ನೆನಪಿಗೆ ಬರೋದೇ ಇಲ್ಲ. ಹೋದ ವರ್ಷ ತಲೆ ಡಾಕ್ಟರಿಗೂ ತೋರಿಸ್ಕೊಂಡು ಬಂದೆ. ಏನೂ ಇಲ್ಲ ಅಂದ್ರು. ಏನೂ ಇಲ್ದೆ ಹಾಗಾಗುತ್ತಾ?"

ದೊಡ್ಡಕ್ಕ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು.

"ನೆನಪಿಗೆ ಬರಲ್ಲ, ಯಾಕಂದ್ರೆ ನಾನು ಹೇಳಲೇ ಇಲ್ಲ."

"ಏನು?"

"ಹದಿನಾಲ್ಕನೇದು ನಾನು ಹೇಳಲಿಲ್ಲ. ಮರೆತು ಅಲ್ಲ, ಬೇಕು ಅಂತಲೇ. ನಿನಗೆ ಕೇಳಿಸ್ಲಿಲ್ಲ ಅನ್ನೋದಕ್ಕೆ ಹೇಳಿದ್ರೆ ತಾನೇ." ಮಿಕ್ಕದ್ದೆಲ್ಲ ಹೇಳಿದಳು. ಕಾರಿಡಾರಿನ ಮಾತು, ಕೆಂಪು ಬರುತ್ತದೆಂದು ಕಾದದ್ದು, ಶುಕ್ರವಾರ, ಸೋಮವಾರ. ಹೇಳುತ್ತ ಹೇಳುತ್ತ ಅದೆಷ್ಟು ಸಣ್ಣ ವಿಷಯವೆಂದು ಅವಳಿಗೇ ನಾಚಿಕೆಯಾಯಿತು.

ಓರಗಿತ್ತಿ ಬೈಯಲಿಲ್ಲ. ಬೈದಿದ್ದರೆ ದೊಡ್ಡಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. ಗೋಡೆಗೆ ಒರಗಿ ನಿಂತು, "ನೀವು ಹೇಳಲೇ ಇಲ್ಲ" ಅಂದಳು. ಮತ್ತೆ ಅದನ್ನೇ ಅಂದಳು. ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಅವಳ ಮುಖದಲ್ಲಿ ಏನೋ ಬಿಚ್ಚಿಕೊಂಡಿತು.

"ಹಾಗಾದ್ರೆ ನಾನು ಸರಿ ಇದ್ದೀನಿ."

"ನೀನು ಸರಿಯಾಗೇ ಇದ್ದೀಯ. ಯಾವಾಗ್ಲೂ ಇದ್ದೆ."

"ಇದನ್ನ ನಮ್ಮ ಮನೆಯವರ ಮುಂದೆ ಹೇಳಿ. ಈಗಲೇ." ಅವಳು ದೊಡ್ಡಕ್ಕನ ಮುಂಗೈ ಹಿಡಿದು ಎಬ್ಬಿಸಿದಳು. "ಮನೆಯ ಒಂದು ಕಾಗದ ನನ್ನ ಕೈಗೆ ಕೊಡಲ್ಲ ಅವರು. ಮಗಳು ಓದಿನ ವಿಷಯ ನನ್ನ ಹತ್ರ ಹೇಳೋದು ಬಿಟ್ಟು ಎಷ್ಟು ದಿನ ಆಯ್ತೋ. ಅಮ್ಮ ಮರೀತಾಳೆ ಅಂತ ಅಪ್ಪನಿಗೇ ಹೇಳ್ತಾಳೆ. ಬನ್ನಿ, ಹೇಳಿ."

ಮುಂದಿನ ಕೋಣೆಯಲ್ಲಿ ಮೈದುನ ಫ್ಯಾನು ಬಿಚ್ಚಿಟ್ಟುಕೊಂಡು ಒರೆಸುತ್ತ ಕೂತಿದ್ದ. ಲಿಫ್ಟ್ ರಿಪೇರಿಯವನು, ರಜೆಯಲ್ಲೂ ಕೈ ಸುಮ್ಮನಿರದು. ಮಗಳು ಸೋಫಾದಲ್ಲಿ ಕಾಲು ಮಡಚಿ ಓದುತ್ತಿದ್ದಳು. ದೊಡ್ಡಕ್ಕ ನಿಂತುಕೊಂಡೇ ಹೇಳಿದಳು. ಒಂದಕ್ಷರ ಬಿಡಲಿಲ್ಲ, ತನ್ನನ್ನು ಉಳಿಸಿಕೊಳ್ಳಲು ಒಂದಕ್ಷರ ಸೇರಿಸಲೂ ಇಲ್ಲ. ಬಾಗಿಲಲ್ಲಿ ನಿಂತ ಓರಗಿತ್ತಿ ಗಂಡನ ಮುಖವನ್ನೇ ನೋಡುತ್ತಿದ್ದಳು.

ಮೈದುನ ಎಲ್ಲವನ್ನೂ ಕೇಳಿದ. ಒಳ್ಳೆಯ ಮನುಷ್ಯ. ಸಿಟ್ಟು ಬಂದದ್ದನ್ನು ನುಂಗಿಕೊಂಡದ್ದು ಕಾಣುತ್ತಿತ್ತು. ದೊಡ್ಡಕ್ಕನ ಕಣ್ಣಲ್ಲಿ ನೀರು ನೋಡಿ ಅವನ ಮುಖ ಮೆತ್ತಗಾಯಿತು.

"ನೀವು ಹೀಗೆ ಮಾಡ್ಬಾರದಿತ್ತು ಅತ್ತಿಗೆ. ಆದ್ರೆ ಬಂದು ಹೇಳಿದ್ರಲ್ಲ, ಅದು ದೊಡ್ಡದು. ಅತ್ತು ಏನು ಮಾಡ್ತೀರಿ, ಬಿಡಿ. ಆ ಒಂದು ಸಲದ್ದು ಇವಳ ತಪ್ಪಲ್ಲ, ಒಪ್ಪಿದೆ." ಅವನು ಫ್ಯಾನಿನ ರೆಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿದ. "ಆದ್ರೆ ಇವಳಿಗೆ ಮರೆವು ಇರೋದಂತೂ ನಿಜ. ಮೂರು ವರ್ಷದಿಂದ ನಾವೇ ನೋಡ್ತಾ ಇಲ್ವಾ."

"ಹೌದು ದೊಡ್ಡಮ್ಮ, ಅಮ್ಮ ಎಲ್ಲ ಮರೀತಾಳೆ. ಪಾಪ" ಅಂದಳು ಮಗಳು, ಪುಸ್ತಕದಿಂದ ಕಣ್ಣೆತ್ತದೆ.

ಇಲ್ಲ, ಅವಳು ಮರೆಯುವುದಿಲ್ಲ, ನಾನು ಹಾಗೆ ಮಾಡಿದ್ದು, ನಾನು, ಎಂದು ದೊಡ್ಡಕ್ಕ ಮತ್ತೆ ಮೊದಲಿನಿಂದ ಶುರು ಮಾಡಿದಳು. ಮೈದುನ ಸಮಾಧಾನದಿಂದ ತಲೆಯಾಡಿಸುತ್ತ ಕೇಳಿದ, ಅತ್ತಿಗೆಗೆ ಪಶ್ಚಾತ್ತಾಪ ಜಾಸ್ತಿಯಾಗಿದೆ ಅನ್ನುವ ಹಾಗೆ. ಓರಗಿತ್ತಿ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ, ಒಲೆ ಆರಿಸಿದ್ದೀನಾ ನೋಡ್ತೀನಿ ಅಂತ ಒಳಗೆ ಹೋದಳು. ಆ ಬೆಳಗ್ಗೆ ದೊಡ್ಡಕ್ಕ ಬಂದಾಗಿನಿಂದ ಅವಳು ಒಲೆಯನ್ನು ಹಚ್ಚಿರಲೇ ಇಲ್ಲ.